ಮೂರು ಅಪಹರಣಗಳು, ಒಂದಿಷ್ಟು ನಗೆ



ನಗೆಚಿತ್ರ ಯಾವುದು, ಅಪರಾಧ ಚಿತ್ರ ಯಾವುದು ಎಂದು ಯಾರಾದರೂ ಕೇಳಿದರೆ ನೀವು ತಡವರಿಸದೆ ಉತ್ತರ ಹೇಳುತ್ತೀರಿ. ನಗಿಸುವುದು ನಗೆಚಿತ್ರ, ಕಳ್ಳತನ, ಕೊಲೆ, ಪೊಲೀಸು ಇದ್ದರೆ ಅಪರಾಧ ಚಿತ್ರ. ಹಂಚಿಕೆದಾರರು, ಚಿತ್ರಮಂದಿರದವರು, ಜಾಹೀರಾತು ಬರೆಯುವವರು ಎಲ್ಲರೂ ಈ ವಿಂಗಡಣೆಯನ್ನು ನಂಬಿಯೇ ವ್ಯವಹಾರ ಮಾಡುತ್ತಾರೆ. ಆದರೆ ಕೆಲವು ನಿರ್ದೇಶಕರಿದ್ದಾರೆ, ಅವರ ಚಿತ್ರಗಳನ್ನು ಯಾವ ಕಪಾಟಿನಲ್ಲಿ ಇಡಬೇಕೆಂದು ಯಾರಿಗೂ ತೋಚುವುದಿಲ್ಲ. ನೋಡುತ್ತಾ ಕುಳಿತವರಿಗೆ ನಗು ಬರುತ್ತದೆ. ನಕ್ಕ ಮರುಕ್ಷಣವೇ ‘ಅಯ್ಯೋ, ಇದಕ್ಕೆ ನಗಬಹುದೇ?’ ಎಂಬ ಸಂಕೋಚವೂ ಬರುತ್ತದೆ. ಇಂದು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಈ ಸಂಕೋಚದ ಬಗ್ಗೆ.

ಇಂಥ ನಿರ್ದೇಶಕರಲ್ಲಿ ಮುಖ್ಯರಾದವರು ಅಮೆರಿಕದ ಜೋಯಲ್ ಕೋಯನ್ ಮತ್ತು ಈಥನ್ ಕೋಯನ್ ಎಂಬ ಅಣ್ಣತಮ್ಮಂದಿರು. ಜೋಯಲ್ ಹುಟ್ಟಿದ್ದು 1954ರಲ್ಲಿ, ಈಥನ್ 1957ರಲ್ಲಿ. ಉತ್ತರದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರಕ್ಕೆ ಅಂಟಿಕೊಂಡಿರುವ ಸೇಂಟ್ ಲೂಯಿಸ್ ಪಾರ್ಕ್ ಇವರು ಬೆಳೆದ ಊರು. ತಂದೆ ಅರ್ಥಶಾಸ್ತ್ರದ ಪ್ರಾಧ್ಯಾಪಕರು, ತಾಯಿ ಕಲಾ ಇತಿಹಾಸದ ಪ್ರಾಧ್ಯಾಪಕಿ. ನಿಮ್ಮ ವಯಸ್ಸಿನಲ್ಲಿ ಈ ಹುಡುಗರು ಅಕ್ಕಪಕ್ಕದವರ ಹುಲ್ಲು ಕತ್ತರಿಸಿ ಕೂಡಿಸಿದ ಹಣದಿಂದ ಒಂದು ಚಿಕ್ಕ ಸೂಪರ್-8 ಕ್ಯಾಮರಾ ಕೊಂಡರು. ಟೆಲಿವಿಷನ್‌ನಲ್ಲಿ ನೋಡಿದ ಚಿತ್ರಗಳನ್ನು ಗೆಳೆಯರನ್ನು ಕಟ್ಟಿಕೊಂಡು ತಮ್ಮದೇ ರೀತಿಯಲ್ಲಿ ಮತ್ತೆ ತೆಗೆದರು. ಮುಂದೆ ಜೋಯಲ್ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಚಲನಚಿತ್ರ ಕಲಿತ. ಈಥನ್ ಪ್ರಿನ್ಸ್‌ಟನ್‌ನಲ್ಲಿ ತತ್ತ್ವಶಾಸ್ತ್ರ ಓದಿದ. ತತ್ತ್ವಶಾಸ್ತ್ರ ಓದಿದವನು ಸಿನಿಮಾಕ್ಕೆ ಬಂದು ಏನು ಮಾಡಿಯಾನು ಎಂದು ನೀವು ಕೇಳಬಹುದು. ಮಾತು ಮತ್ತು ಅರ್ಥದ ನಡುವೆ ಎಷ್ಟು ದೊಡ್ಡ ಕಂದಕವಿರಬಹುದು ಎನ್ನುವುದನ್ನು ಇವರ ಪಾತ್ರಗಳಷ್ಟು ಚೆನ್ನಾಗಿ ತೋರಿಸಿದವರು ಕಡಿಮೆ.

‘ಸ್ವತಂತ್ರ ನಿರ್ದೇಶಕ’ ಎಂಬ ಮಾತನ್ನು ನಾವು ಸಡಿಲವಾಗಿ ಬಳಸುತ್ತೇವೆ. ಇವರ ವಿಷಯದಲ್ಲಿ ಅದರ ಅರ್ಥ ಬಹಳ ಸರಳ: ಹಣ ಎಲ್ಲಿಂದ ಬಂತು ಮತ್ತು ಕತ್ತರಿ ಯಾರ ಕೈಯಲ್ಲಿತ್ತು. ಮೊದಲ ಚಿತ್ರ ‘ಬ್ಲಡ್ ಸಿಂಪಲ್’ ಮಾಡುವ ಮೊದಲು ಅವರ ಬಳಿ ಇದ್ದುದು ಚಿತ್ರಕಥೆ ಮಾತ್ರ. ಆಗ ಅವರು ಒಂದು ಉಪಾಯ ಮಾಡಿದರು. ಇನ್ನೂ ತೆಗೆಯದ ಚಿತ್ರಕ್ಕೆ ಎರಡು ಮೂರು ನಿಮಿಷಗಳ ಒಂದು ಟ್ರೇಲರ್ ತೆಗೆದರು! ಆ ರೀಲನ್ನು ಹೊತ್ತು ಮಿನಿಯಾಪೊಲಿಸ್‌ನ ವರ್ತಕರ, ವೈದ್ಯರ, ವಕೀಲರ ಮನೆಬಾಗಿಲಿಗೆ ಹೋಗಿ, ಗೋಡೆಯ ಮೇಲೆ ತೋರಿಸಿ, ಚೂರುಚೂರಾಗಿ ಹಣ ಎತ್ತಿದರು. ಈ ದಾರಿಯನ್ನು ಜೋಯಲ್ ಕಲಿತದ್ದು ನಿರ್ದೇಶಕ ಸ್ಯಾಮ್ ರೈಮಿಯಿಂದ. ರೈಮಿಯ ‘ದಿ ಈವಿಲ್ ಡೆಡ್’ ಚಿತ್ರಕ್ಕೆ ಅವನು ಸಹಾಯಕ ಸಂಕಲನಕಾರನಾಗಿದ್ದ. ಸುಮಾರು 15 ಲಕ್ಷ ಡಾಲರುಗಳಲ್ಲಿ ‘ಬ್ಲಡ್ ಸಿಂಪಲ್’ 1984ರಲ್ಲಿ ಸಿದ್ಧವಾಯಿತು. ಹಾಲಿವುಡ್‌ನ ಲೆಕ್ಕದಲ್ಲಿ ಅದು ಪುಡಿಗಾಸು.

ಆ ಮೊದಲ ಚಿತ್ರದಲ್ಲೇ ಇವರ ಮುಂದಿನ ಎಲ್ಲ ಚಿತ್ರಗಳ ಬೀಜವಿದೆ. ಟೆಕ್ಸಸ್‌ನ ಒಬ್ಬ ಮದ್ಯದಂಗಡಿ ಮಾಲೀಕ ತನ್ನ ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಕೊಲ್ಲಲು ಖಾಸಗಿ ಪತ್ತೇದಾರನೊಬ್ಬನಿಗೆ ಹಣ ಕೊಡುತ್ತಾನೆ. ಪತ್ತೇದಾರ ಅವರನ್ನು ಕೊಲ್ಲುವುದಿಲ್ಲ. ಕೊಂದಂತೆ ಒಂದು ಫೋಟೋ ತಯಾರಿಸಿ, ಹಣ ಪಡೆದು, ಹಣ ಕೊಟ್ಟವನಿಗೇ ಗುಂಡು ಹಾರಿಸುತ್ತಾನೆ, ಅದೂ ಹೆಂಡತಿಯ ಪಿಸ್ತೂಲಿನಿಂದ. ಪ್ರಿಯಕರ ಬಂದು ನೋಡುತ್ತಾನೆ, ಪಿಸ್ತೂಲು ಗುರುತಿಸುತ್ತಾನೆ, ‘ಓಹೋ, ಇದು ಅವಳ ಕೆಲಸ’ ಎಂದುಕೊಳ್ಳುತ್ತಾನೆ. ಅವಳನ್ನು ಉಳಿಸಲೆಂದು ರಕ್ತ ಒರೆಸುತ್ತಾನೆ. ಒರೆಸಿದಷ್ಟೂ ಅದು ಹರಡುತ್ತದೆ. ಅವಳಿಗೋ ಏನೂ ಗೊತ್ತಿಲ್ಲ. ಇವನು ಯಾಕೆ ಹೀಗೆ ವಿಚಿತ್ರವಾಗಿ ಮಾತನಾಡುತ್ತಿದ್ದಾನೆ ಎಂದು ಅವಳ ಗೊಂದಲ. ಚಿತ್ರ ಮುಗಿಯುವ ತನಕ ಯಾವೊಬ್ಬ ಪಾತ್ರಕ್ಕೂ ಇಡೀ ಕಥೆ ಗೊತ್ತಾಗುವುದಿಲ್ಲ. ಗೊತ್ತಿರುವುದು ಪ್ರೇಕ್ಷಕರಾದ ನಮಗೆ ಮಾತ್ರ.

ಈಗ ಸ್ವಲ್ಪ ನಿಂತು ಯೋಚಿಸಿ. ‘ಇವನಿಗೆ ಅದು ಗೊತ್ತಿಲ್ಲ, ನಮಗೆ ಗೊತ್ತು’ ಎನ್ನುವ ಈ ಯಂತ್ರ ಯಾವುದು? ನಿಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಆಡುವ ಪ್ರಹಸನದ ಯಂತ್ರವೇ ಅಲ್ಲವೇ? ಅಲ್ಲಿ ಬಾಗಿಲ ಹಿಂದೆ ಅಡಗಿದ ಮಾವನನ್ನು ಕಳ್ಳನೆಂದು ತಿಳಿದು ಅಳಿಯ ಹೊಡೆಯುತ್ತಾನೆ, ನಾವು ನಗುತ್ತೇವೆ. ಇಲ್ಲಿ ತಪ್ಪು ತಿಳಿದವನ ಕೈಯಲ್ಲಿ ಪಿಸ್ತೂಲು ಇದೆ, ಅಷ್ಟೇ ವ್ಯತ್ಯಾಸ. ನಗೆನಾಟಕವೂ ಕೊಲೆಯ ಕಥೆಯೂ ಓಡುವುದು ಒಂದೇ ಚಕ್ರದ ಮೇಲೆ ಎನ್ನುವುದು ಕೋಯನ್ ಸಹೋದರರು ಕಂಡುಕೊಂಡ ಸಂಗತಿ. ಆ ಚಕ್ರದ ಕೆಳಗೆ ಯಾರು ಸಿಕ್ಕಿಕೊಂಡರು ಎಂಬುದನ್ನು ಚಿತ್ರ ನೆನಪಿಡುತ್ತದೆಯೋ ಇಲ್ಲವೋ ಎನ್ನುವುದೇ ನಾವು ಕೇಳಬೇಕಾದ ಪ್ರಶ್ನೆ.

ಇದನ್ನು ಪರೀಕ್ಷಿಸಲು ಇವರ ಮೂರು ಚಿತ್ರಗಳು ಬಹಳ ಅನುಕೂಲ. ಮೂರರಲ್ಲೂ ಇರುವುದು ಅಪಹರಣ. 1987ರ ‘ರೈಸಿಂಗ್ ಅರಿಜೋನಾ’, 1996ರ ‘ಫಾರ್ಗೋ’, 1998ರ ‘ದಿ ಬಿಗ್ ಲೆಬೋವ್‌ಸ್ಕಿ’.

ಮೊದಲನೆಯದರಲ್ಲಿ ಕದ್ದದ್ದು ಒಂದು ಮಗುವನ್ನು. ನಿಕೊಲಸ್ ಕೇಜ್ ಒಬ್ಬ ಚಿಲ್ಲರೆ ಕಳ್ಳ; ಪದೇಪದೇ ಸಿಕ್ಕಿಬೀಳುತ್ತಾನೆ. ಪ್ರತಿಸಲವೂ ಅವನ ಫೋಟೋ ತೆಗೆಯುವ ಪೊಲೀಸ್ ಅಧಿಕಾರಿಣಿ ಹಾಲಿ ಹಂಟರ್. ಫೋಟೋ ತೆಗೆಸಿಕೊಳ್ಳುತ್ತಲೇ ಪ್ರೇಮ ಬೆಳೆದು ಮದುವೆಯಾಗುತ್ತದೆ. ಮಕ್ಕಳಾಗುವುದಿಲ್ಲ. ಊರಿನ ಪೀಠೋಪಕರಣದ ವ್ಯಾಪಾರಿಯೊಬ್ಬನಿಗೆ ಒಂದೇ ಹೆರಿಗೆಯಲ್ಲಿ ಐದು ಮಕ್ಕಳಾದ ಸುದ್ದಿ ಓದಿ, ಐದರಲ್ಲಿ ಒಂದನ್ನು ತಂದರೆ ಅವರಿಗೇನು ಕಡಿಮೆಯಾದೀತು ಎಂದು ಇವರ ತರ್ಕ! ಶೀರ್ಷಿಕೆ ಬರುವ ಮೊದಲೇ ಹತ್ತು ಹನ್ನೊಂದು ನಿಮಿಷಗಳಲ್ಲಿ ಇಷ್ಟೂ ಕಥೆ ಓಡಿಹೋಗುತ್ತದೆ. ಮಗುವಿನ ಜೊತೆಗೆ ಶಿಶುಪಾಲನೆಯ ಪುಸ್ತಕವನ್ನೂ ಕದ್ದು ತರುತ್ತಾರೆ. ಮುಂದೆ ಆ ಮಗುವನ್ನು ಇವರಿಂದ ಬೇರೆಯವರು ಕದ್ದಾಗ ಪುಸ್ತಕವೂ ಮಗುವಿನ ಜೊತೆಗೇ ಹೋಗುತ್ತದೆ. ಕಳ್ಳರೇ ಆದರೂ ಮಗುವನ್ನು ಸರಿಯಾಗಿ ನೋಡಿಕೊಳ್ಳಬೇಕಲ್ಲ! ಇಲ್ಲಿ ಹಾಸ್ಯ ಹಗುರವಾಗಿರುವುದಕ್ಕೆ ಕಾರಣವಿದೆ. ಮಗುವಿಗೆ ಕೂದಲೂ ಕೊಂಕುವುದಿಲ್ಲ, ಕೊನೆಗೆ ಅದು ತನ್ನ ತೊಟ್ಟಿಲಿಗೇ ಮರಳುತ್ತದೆ. ತೆರಬೇಕಾದ ಬೆಲೆಯನ್ನು ನಿರ್ದೇಶಕರೇ ಮನ್ನಾ ಮಾಡಿದ್ದಾರೆ. ಅದು ಅವರ ಹಕ್ಕು, ನಾವೂ ನಿಶ್ಚಿಂತೆಯಿಂದ ನಗುತ್ತೇವೆ.

‘ಫಾರ್ಗೋ’ದಲ್ಲಿ ಮನ್ನಾ ಇಲ್ಲ.

ಜೆರ್ರಿ ಲಂಡಗಾರ್ಡ್ ಮಿನಿಯಾಪೊಲಿಸ್‌ನ ಕಾರು ಮಾರಾಟಗಾರ. ವಿಲಿಯಂ ಎಚ್. ಮೇಸಿ ಈ ಪಾತ್ರವನ್ನು ಮಾಡಿದ ರೀತಿಯನ್ನು ನೋಡಿಯೇ ತಿಳಿಯಬೇಕು: ಮುಖದಲ್ಲಿ ಸದಾ ಒಂದು ಅಂಟಿಸಿದ ನಗು, ಕಣ್ಣಿನಲ್ಲಿ ಸದಾ ಭಯ. ಇಲ್ಲದ ಕಾರುಗಳ ಮೇಲೆ 3,20,000 ಡಾಲರು ಸಾಲ ಎತ್ತಿದ್ದಾನೆ. ಸಾಲ ಕೊಟ್ಟವರು ಕಾರುಗಳ ನಂಬರು ಕೇಳುತ್ತಿದ್ದಾರೆ. ಇವನು ಓದಲಾಗದಂತೆ ಗೀಚಿದ ಕಾಗದ ಕಳಿಸುತ್ತಿದ್ದಾನೆ. ಮಾವ ದೊಡ್ಡ ಹಣವಂತ, ಅಳಿಯನ ಬಗ್ಗೆ ಕವಡೆ ಕಾಸಿನ ಗೌರವವಿಲ್ಲ. ಆದ್ದರಿಂದ ಜೆರ್ರಿ ಒಂದು ಯೋಜನೆ ಹಾಕುತ್ತಾನೆ. ಇಬ್ಬರು ಬಾಡಿಗೆ ದುಷ್ಟರಿಂದ ತನ್ನ ಹೆಂಡತಿಯನ್ನೇ ಅಪಹರಣ ಮಾಡಿಸುವುದು, ಮಾವನಿಂದ ಒತ್ತೆ ಹಣ ಕೀಳುವುದು. ದುಷ್ಟರಿಗೆ ಹೇಳಿದ ಮೊತ್ತ 80,000 ಡಾಲರು, ಅದರಲ್ಲಿ ಅರ್ಧ ಅವರಿಗೆ, ಜೊತೆಗೆ ಒಂದು ಹೊಸ ಕಾರು. ಮಾವನಿಗೆ ಹೇಳಿದ ಮೊತ್ತ ಹತ್ತು ಲಕ್ಷ. ಗಮನಿಸಿ, ತನ್ನ ಪಾಲುದಾರರಿಗೂ ಇವನು ಸುಳ್ಳು ಹೇಳಿದ್ದಾನೆ.

ಈ ಯೋಜನೆಯಲ್ಲಿ ‘ಅವಳಿಗೇನಾದೀತು?’ ಎಂಬ ಪ್ರಶ್ನೆ ಎಲ್ಲೂ ಇಲ್ಲ. ಹೆಂಡತಿ ಜೀನ್ ಮನೆಯಲ್ಲಿ ಕುಳಿತು ಹೆಣೆಯುತ್ತಾ ಟಿವಿ ನೋಡುತ್ತಿರುವಾಗ ಮುಖವಾಡದವರು ಕಿಟಕಿ ಒಡೆದು ನುಗ್ಗುತ್ತಾರೆ. ಮುಂದೆ ಅವಳನ್ನು ಕಾಡಿನ ಮನೆಯ ಎದುರು ಇಳಿಸಿದಾಗ, ತಲೆಗೆ ಮುಸುಕು ಹಾಕಿ ಕೈ ಕಟ್ಟಿದ ಆ ಹೆಂಗಸು ಹಿಮದಲ್ಲಿ ದಿಕ್ಕು ತಿಳಿಯದೆ ಓಡಿ ಓಡಿ ಬೀಳುತ್ತಾಳೆ. ಅಪಹರಣಕಾರರಲ್ಲಿ ಒಬ್ಬ, ಸ್ಟೀವ್ ಬುಸೆಮಿ ಮಾಡಿದ ಕಾರ್ಲ್ ಎಂಬ ವಾಚಾಳಿ, ಅದನ್ನು ನೋಡಿ ಗಹಗಹಿಸಿ ನಗುತ್ತಾನೆ. ಮಿತ್ರರೇ, ಇದು ಚಿತ್ರದ ಬಹು ಮುಖ್ಯವಾದ ಕ್ಷಣ. ಯಾಕೆಂದರೆ ಚಿತ್ರಮಂದಿರದಲ್ಲೂ ಕೆಲವರು ನಗುತ್ತಾರೆ. ಓಡುವ ರೀತಿ ನಗು ಬರಿಸುವಂಥದ್ದೇ. ಆದರೆ ನಮ್ಮ ನಗುವಿನ ಜೊತೆಗೆ ಆ ಕಾರ್ಲ್‌ನ ನಗುವೂ ಕೇಳಿಸಿತೆಂದರೆ ನಾವು ಯಾರ ಪಕ್ಕದಲ್ಲಿ ನಿಂತಿದ್ದೇವೆ ಎಂದು ಒಮ್ಮೆ ನೋಡಿಕೊಳ್ಳಬೇಕಾಗುತ್ತದೆ.

ಚಿತ್ರ ಆರಂಭವಾಗಿ ಅರ್ಧ ಗಂಟೆ ಕಳೆದ ಮೇಲೆ, ಮೂರು ಹೆಣಗಳು ಬಿದ್ದ ಮೇಲೆ, ನಾಯಕಿ ಬರುತ್ತಾಳೆ. ಬ್ರೇನರ್ಡ್ ಎಂಬ ಚಿಕ್ಕ ಊರಿನ ಪೊಲೀಸ್ ಮುಖ್ಯಸ್ಥೆ ಮಾರ್ಜ್ ಗಂಡರ್‌ಸನ್. ಏಳು ತಿಂಗಳ ಗರ್ಭಿಣಿ. ಬೆಳಗಿನ ಜಾವ ದೂರವಾಣಿ ಬಂದಾಗ ಗಂಡ ನಾರ್ಮ್ ಎದ್ದು, ಬೇಡವೆಂದರೂ ಕೇಳದೆ, ಅವಳಿಗೆ ಮೊಟ್ಟೆ ಮಾಡಿಕೊಡುತ್ತಾನೆ. ಹಿಮದಲ್ಲಿ ಉರುಳಿದ ಕಾರಿನ ಬಳಿ ಅವಳು ಹೆಜ್ಜೆಗುರುತು ನೋಡಿ, ಒಬ್ಬ ದಾಂಡಿಗ, ಒಬ್ಬ ಸಣ್ಣಗಿನವನು ಎಂದು ನಡೆದದ್ದನ್ನೆಲ್ಲ ಓದಿ ಹೇಳುತ್ತಾಳೆ. ನಡುವೆ ತಟ್ಟನೆ ಬಾಗುತ್ತಾಳೆ. ಏನಾದರೂ ಸುಳಿವು ಸಿಕ್ಕಿತೇ ಎಂದು ಜೊತೆಯವನು ಕೇಳಿದರೆ, ಇಲ್ಲ, ವಾಂತಿ ಬರುವಂತಾಯಿತು ಎನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಅದೂ ಹೋಗಿ ಈಗ ಹಸಿವಾಗುತ್ತಿದೆ ಎನ್ನುತ್ತಾಳೆ. ಅದೇ ಜೊತೆಗಾರ ಸತ್ತ ಪೊಲೀಸನ ಟಿಪ್ಪಣಿಯಲ್ಲಿದ್ದ ಅಕ್ಷರಗಳನ್ನು ಕಾರಿನ ನಂಬರೆಂದು ತಪ್ಪು ತಿಳಿದಿರುತ್ತಾನೆ. ಅದು ಮಾರಾಟಗಾರರು ತಾತ್ಕಾಲಿಕವಾಗಿ ಹಾಕುವ ಫಲಕದ ಸಂಕೇತ. ಅವಳು ಅದನ್ನು ಎಷ್ಟು ಮೆತ್ತಗೆ ತಿದ್ದುತ್ತಾಳೆಂದರೆ, ತಿದ್ದಿದ ಮೇಲೆ ಅವನ ಮುಖ ಬಾಡದಿರಲೆಂದು ಒಂದು ನಗೆಹನಿಯನ್ನೂ ಹೇಳುತ್ತಾಳೆ. ಹಾಸ್ಯದ ಇನ್ನೊಂದು ಮುಖ ಇದು. ಕಾರ್ಲ್ ನಗುವುದು ಬಿದ್ದವಳನ್ನು ನೋಡಿ. ಮಾರ್ಜ್ ನಗಿಸುವುದು ಜೊತೆಯವನು ಬೀಳದಿರಲೆಂದು.

ಈ ಊರಿನವರ ಮಾತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮಿನ್ನೆಸೋಟದಲ್ಲಿ ಸ್ವೀಡನ್, ನಾರ್ವೆಗಳಿಂದ ಹೋಗಿ ನೆಲೆಸಿದವರ ಸಂತತಿ ದೊಡ್ಡದು. ಅವರ ಇಂಗ್ಲಿಷಿನಲ್ಲಿ ಆ ನಾಡುಗಳ ರಾಗ ಉಳಿದಿದೆ. ಪ್ರತಿ ಮಾತಿಗೂ ‘ಯಾ, ಯಾ’. ಧಾರವಾಡದವರು ಮೈಸೂರಿನವರ ಮಾತನ್ನೂ, ಮೈಸೂರಿನವರು ಮಂಗಳೂರಿನವರ ಮಾತನ್ನೂ ಕೇಳಿ ಮುಗುಳ್ನಗುವಂತೆ ಉಳಿದ ಅಮೆರಿಕನ್ನರು ಈ ಮಾತಿಗೆ ನಗುತ್ತಾರೆ. ಚಿತ್ರ ಬಂದಾಗ ಮಿನ್ನೆಸೋಟದ ಕೆಲವರು, ನಮ್ಮನ್ನು ಪೆದ್ದರಂತೆ ತೋರಿಸಿದ್ದಾರೆ ಎಂದು ಬೇಸರಪಟ್ಟರು. ವಿಮರ್ಶಕರಲ್ಲೂ ಕೆಲವರ ಆರೋಪ ಇದೇ: ಕೋಯನ್ ಸಹೋದರರು ತಮ್ಮ ಪಾತ್ರಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾರೆ, ಇರುವೆಗಳನ್ನು ಭೂತಗನ್ನಡಿಯಲ್ಲಿ ನೋಡಿದ ಹಾಗೆ. ಈ ಆರೋಪದಲ್ಲಿ ಹುರುಳಿಲ್ಲದಿಲ್ಲ. 2008ರ ‘ಬರ್ನ್ ಆಫ್ಟರ್ ರೀಡಿಂಗ್’ನಲ್ಲಿ ಎಲ್ಲರೂ ಮೂರ್ಖರೇ, ಅವರಲ್ಲಿ ಒಬ್ಬ ಸತ್ತರೆ ನಮಗೆ ಒಂದು ಬೊಂಬೆ ಮುರಿದಷ್ಟೇ ಅನ್ನಿಸುತ್ತದೆ. ಆ ಚಿತ್ರದ ನಗು ನನಗೆ ಹಿಡಿಸುವುದಿಲ್ಲ. ಆದರೆ ‘ಫಾರ್ಗೋ’ ಮೇಲೆ ಈ ದೂರು ನಿಲ್ಲುವುದಿಲ್ಲ. ನಿಲ್ಲದಂತೆ ಮಾಡುವವಳು ಮಾರ್ಜ್. ‘ಯಾ, ಯಾ’ ಎನ್ನುವವರಲ್ಲಿ ಎಲ್ಲರಿಗಿಂತ ಬುದ್ಧಿವಂತಳೂ ಅವಳೇ, ಮೆದುಳಿಗೂ ಮಾತಿನ ಧಾಟಿಗೂ ಸಂಬಂಧವಿಲ್ಲ ಎಂದು ತೋರಿಸುವವಳೂ ಅವಳೇ.

ಆ ನಾಡಿನ ಸೌಜನ್ಯ ಪ್ರಸಿದ್ಧವಾದುದು. ಯಾರೂ ಗಂಟಲು ಏರಿಸುವುದಿಲ್ಲ, ಮುಖ ಮುರಿಯುವುದಿಲ್ಲ. ಜೆರ್ರಿ ಅಡಗಿರುವುದು ಈ ಸೌಜನ್ಯದ ಹಿಂದೆ. ಮಾವನಿಂದ ಅವಮಾನವಾಗಿ ಹೊರಬಂದ ಅವನು ವಿಶಾಲವಾದ ಬಿಳಿ ಬಯಲಿನಲ್ಲಿ ಒಂಟಿಯಾಗಿ ನಿಂತ ತನ್ನ ಕಾರಿನ ಗಾಜಿನಿಂದ ಮಂಜುಗಡ್ಡೆ ಕೆರೆಯುತ್ತಾನೆ. ಒಮ್ಮೆಲೇ ರೇಗಿ, ಕೆರೆಯುವ ಹತ್ಯಾರವನ್ನು ಬಡಿದು ಕುಣಿದಾಡುತ್ತಾನೆ. ಆಮೇಲೆ? ಆಮೇಲೆ ಅದೇ ಹತ್ಯಾರ ಹಿಡಿದು ಮತ್ತೆ ಕೆರೆಯತೊಡಗುತ್ತಾನೆ. ಮನೆಗೆ ಹೋಗಬೇಕಲ್ಲ! ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಇದನ್ನು ದೂರದಿಂದ ತೋರಿಸಿದ್ದಾರೆ. ಹತ್ತಿರದಿಂದ ತೋರಿಸಿದ್ದರೆ ಅದು ಸಂಕಟವಾಗುತ್ತಿತ್ತು, ದೂರದಿಂದ ನಗುವಾಗಿದೆ. ಕ್ಯಾಮರಾ ಇಡುವ ದೂರವೇ ರಸವನ್ನು ಬದಲಿಸುವುದು ಹೇಗೆ ಎಂದು ಕಲಿಯಬೇಕೆನ್ನುವವರು ಈ ಒಂದು ದೃಶ್ಯ ನೋಡಿದರೂ ಸಾಕು. ಚಿತ್ರೀಕರಣದ ವರ್ಷ ಮಿನ್ನೆಸೋಟದಲ್ಲಿ ಸಾಕಷ್ಟು ಹಿಮವೇ ಬೀಳಲಿಲ್ಲವಂತೆ. ಹಿಮ ಹುಡುಕಿಕೊಂಡು ನೆರೆಯ ಉತ್ತರ ಡಕೋಟಕ್ಕೆ ಹೋಗಬೇಕಾಯಿತು.

ಚಿತ್ರದ ನಡುವೆ ಕಥೆಗೆ ಸಂಬಂಧವೇ ಇಲ್ಲದಂತೆ ತೋರುವ ಒಂದು ಪ್ರಸಂಗ ಬರುತ್ತದೆ. ಮಾರ್ಜ್ ನಗರಕ್ಕೆ ಬಂದಾಗ ಹಳೆಯ ಸಹಪಾಠಿ ಮೈಕ್ ಅವಳನ್ನು ಹೋಟೆಲಿನಲ್ಲಿ ಭೇಟಿ ಮಾಡುತ್ತಾನೆ. ತಾನು ಮದುವೆಯಾದ ಹುಡುಗಿ ಕ್ಯಾನ್ಸರಿನಿಂದ ತೀರಿಹೋದಳೆಂದು ಹೇಳಿ ಅತ್ತುಬಿಡುತ್ತಾನೆ. ಮಾರ್ಜ್ ಕನಿಕರಪಡುತ್ತಾಳೆ. ಮರುದಿನ ಗೆಳತಿಯೊಬ್ಬಳು ದೂರವಾಣಿಯಲ್ಲಿ ನಿಜ ಹೇಳುತ್ತಾಳೆ: ಆ ಹುಡುಗಿ ಬದುಕಿದ್ದಾಳೆ, ಮೈಕ್ ಅವಳನ್ನು ಮದುವೆಯಾದದ್ದೇ ಸುಳ್ಳು, ಅವಳ ಬೆನ್ನುಬಿದ್ದು ಕಾಡಿದವನು ಅವನು. ಇದಾದ ಕೂಡಲೇ ಮಾರ್ಜ್ ಜೆರ್ರಿಯ ಕಚೇರಿಗೆ ಎರಡನೆಯ ಸಲ ಹೋಗುತ್ತಾಳೆ. ಮೊದಲ ಸಲ ಅವನ ಸೌಜನ್ಯದ ಉತ್ತರವನ್ನು ನಂಬಿ ಬಂದಿದ್ದಳು. ಒಳ್ಳೆಯ ಮಾತಿನವರೂ ಕಣ್ಣೀರಿನವರೂ ಮುಖದ ಮೇಲೆಯೇ ಸುಳ್ಳು ಹೇಳಬಲ್ಲರು ಎಂಬುದು ಅವಳಿಗೆ ಮೈಕ್‌ನಿಂದ ತಿಳಿಯಿತು, ಆದ್ದರಿಂದ ಮರಳಿ ಹೋದಳು ಎಂದು ನನ್ನ ಓದು. ಚಿತ್ರ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇದು ಅನವಶ್ಯಕ ದೃಶ್ಯ ಎಂದು ವಾದಿಸುವವರೂ ಇದ್ದಾರೆ. ದೊಡ್ಡ ಕಂಪೆನಿಯ ಕೈಯಲ್ಲಿ ಕತ್ತರಿ ಇದ್ದಿದ್ದರೆ ಮೊದಲು ಹಾರಿಹೋಗುತ್ತಿದ್ದುದು ಇದೇ. ಕತ್ತರಿ ಇವರ ಕೈಯಲ್ಲೇ ಇತ್ತು. ಸಂಕಲನಕಾರ ರೋಡರಿಕ್ ಜೇನ್ಸ್ ಎಂದು ಶೀರ್ಷಿಕೆಯಲ್ಲಿ ಬರುತ್ತದಲ್ಲ, ಅಂಥ ಮನುಷ್ಯನೇ ಇಲ್ಲ! ಅದು ಅಣ್ಣತಮ್ಮಂದಿರ ಗುಪ್ತನಾಮ. ಆ ಇಲ್ಲದ ಮನುಷ್ಯ ಸಂಕಲನಕ್ಕಾಗಿ ಎರಡು ಸಲ ಆಸ್ಕರ್ ನಾಮಕರಣವನ್ನೂ ಪಡೆದ.

ಹಣದ ಕಥೆ ಏನಾಯಿತು ನೋಡಿ. ಕಾರ್ಲ್‌ನ ಕೈಗೆ ಪೆಟ್ಟಿಗೆ ಸಿಕ್ಕಿ, ತೆರೆದಾಗ ಹತ್ತು ಲಕ್ಷ ಡಾಲರು! ತನ್ನ ಜೊತೆಗಾರನಿಗೆ ತಿಳಿದಿರುವುದು 80,000 ಮಾತ್ರ. ಅಷ್ಟನ್ನು ತೆಗೆದಿಟ್ಟು ಉಳಿದದ್ದನ್ನು ರಸ್ತೆಬದಿಯ ಬೇಲಿಯ ಬುಡದಲ್ಲಿ ಹಿಮದೊಳಗೆ ಹೂಳುತ್ತಾನೆ. ಎಡಕ್ಕೆ ನೋಡುತ್ತಾನೆ, ಬೇಲಿ, ಹಿಮ. ಬಲಕ್ಕೆ ನೋಡುತ್ತಾನೆ, ಅದೇ ಬೇಲಿ, ಅದೇ ಹಿಮ. ಗುರುತಿಗೆಂದು ಮಂಜು ಕೆರೆಯುವ ಚಿಕ್ಕ ಹತ್ಯಾರವೊಂದನ್ನು ನೆಡುತ್ತಾನೆ. ನಂತರ ಮನೆಗೆ ಬಂದು, ಹಣ ಹಂಚಿ, ಕಾರು ಯಾರದೆಂದು ಜಗಳ ತೆಗೆಯುತ್ತಾನೆ. ಕಾರನ್ನೇ ಕಡಿದು ಹಂಚಿಕೊಳ್ಳಲು ಆಗುವುದಿಲ್ಲವಲ್ಲ, ಅರ್ಧ ಬೆಲೆ ಕೊಡು ಎನ್ನುತ್ತಾನೆ ಜೊತೆಗಾರ. ಕೊಡೆನೆಂದು ಹೊರಟ ಕಾರ್ಲ್ ಕೊಡಲಿಯ ಏಟಿಗೆ ಬೀಳುತ್ತಾನೆ. ಒಂಬತ್ತು ಲಕ್ಷ ಇಪ್ಪತ್ತು ಸಾವಿರ ಡಾಲರು ಹಿಮದಡಿ ಕಾದಿರುವಾಗ ಅರ್ಧ ಕಾರಿಗಾಗಿ ಸತ್ತ! ಲೆಕ್ಕ ಮಾಡಿದರೆ ನಗು ಬರುತ್ತದೆ. ಆದರೆ ಅದೇ ಮನೆಯ ನೆಲದ ಮೇಲೆ ಜೀನ್ ಸತ್ತು ಬಿದ್ದಿದ್ದಾಳೆ, ಮತ್ತು ಅವಳು ಸತ್ತದ್ದನ್ನು ಚಿತ್ರ ನಮಗೆ ತೋರಿಸುವುದೂ ಇಲ್ಲ.

ಒಟ್ಟು ಏಳು ಸಾವುಗಳು. ಮಾರ್ಜ್ ಕೊಲೆಗಾರನನ್ನು ಹಿಡಿದು ಕಾರಿನ ಹಿಂಬದಿಯಲ್ಲಿ ಕೂರಿಸಿಕೊಂಡು ಹೋಗುತ್ತಾಳೆ. ಬೇರೆ ಚಿತ್ರವಾಗಿದ್ದರೆ ಇಲ್ಲಿ ಒಂದು ಭಾಷಣವೋ ಚಪ್ಪಾಳೆಯೋ ಬರುತ್ತಿತ್ತು. ಇಲ್ಲಿ ಅವಳು, ಮನೆಯ ಸಾಮಾನಿನ ಪಟ್ಟಿ ಓದುವವಳಂತೆ, ಅವನು ಕೊಂದವರನ್ನು ಎಣಿಸುತ್ತಾಳೆ: ನೆಲದ ಮೇಲಿದ್ದ ಆ ಹೆಂಗಸು, ನಿನ್ನ ಜೊತೆಗಾರ, ಬ್ರೇನರ್ಡ್‌ನ ಆ ಮೂವರು. ಐದು. ಅವನ ಕೈಯಿಂದ ಸತ್ತವರು ಸರಿಯಾಗಿ ಐವರೇ. ಉಳಿದಿಬ್ಬರು ಕಾರ್ಲ್‌ನ ಪಾಲಿನವರು. ಇಷ್ಟೆಲ್ಲ ಒಂದಿಷ್ಟು ದುಡ್ಡಿಗಾಗಿಯೇ ಎಂದು ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯ. ಅಪರಾಧದ ಮನಶ್ಶಾಸ್ತ್ರ ಅವಳಿಗೆ ಅರ್ಥವಾಗುವುದಿಲ್ಲ, ಅರ್ಥವಾಗುವುದು ಬೇಕೂ ಇಲ್ಲ. ಲೆಕ್ಕ ಮಾತ್ರ ಅವಳು ಬಿಡುವುದಿಲ್ಲ. ಇಡೀ ಚಿತ್ರದಲ್ಲಿ ಎಲ್ಲರೂ ಡಾಲರು ಎಣಿಸಿದರು, ಸತ್ತವರನ್ನು ಎಣಿಸಿದವಳು ಇವಳೊಬ್ಬಳೇ. ಈ ಕಾರಣಕ್ಕೆ ‘ಫಾರ್ಗೋ’ದಲ್ಲಿ ನಗುವುದಕ್ಕೆ ನಾನು ನಾಚುವುದಿಲ್ಲ.

ಒಂದು ತಕರಾರು ಇದ್ದೇ ಇದೆ. ಜೀನ್‌ಗೆ ಚಿತ್ರಕಥೆ ಇನ್ನೂ ಸ್ವಲ್ಪ ಜಾಗ ಕೊಡಬಹುದಾಗಿತ್ತು. ಅಮ್ಮನಿಗಾಗಿ ಕೋಣೆಯಲ್ಲಿ ಅಳುವ ಮಗ ಸ್ಕಾಟಿಯೂ ಒಂದೆರಡು ದೃಶ್ಯಕ್ಕೆ ಮಾಯವಾಗುತ್ತಾನೆ. ಜೈಲಿಗೆ ಹೋದ ಅಪ್ಪ, ಸತ್ತ ಅಮ್ಮ, ಸತ್ತ ಅಜ್ಜ. ಆ ಹುಡುಗ ಏನಾದ ಎಂದು ಚಿತ್ರ ಕೇಳುವುದಿಲ್ಲ.

ಚಿತ್ರದ ಆರಂಭದಲ್ಲಿ ಇದು 1987ರಲ್ಲಿ ಮಿನ್ನೆಸೋಟದಲ್ಲಿ ನಡೆದ ಸತ್ಯ ಘಟನೆ ಎಂಬ ಬರಹವಿದೆ. ಅದು ನಿಜವಲ್ಲ. ಕೊನೆಯ ಶೀರ್ಷಿಕೆಗಳಲ್ಲಿ, ಎಲ್ಲ ಪಾತ್ರಗಳೂ ಕಾಲ್ಪನಿಕ ಎಂಬ ಮಾಮೂಲಿ ಹೇಳಿಕೆಯೂ ಇದೆ! ಅಲ್ಲೊಂದು ಇಲ್ಲೊಂದು ಬಿಡಿ ಸಂಗತಿಯನ್ನು ನಿಜ ಪ್ರಕರಣಗಳಿಂದ ಎತ್ತಿಕೊಂಡಿದ್ದಾರೆ, ಕಥೆ ಮಾತ್ರ ಕಟ್ಟಿದ್ದು. ಯಾಕೆ ಹೀಗೆ ಮಾಡಿದರು? ಸತ್ಯ ಘಟನೆ ಎಂದು ತಿಳಿದು ಕುಳಿತ ಪ್ರೇಕ್ಷಕ, ಕಥೆಯಲ್ಲಿ ಒಪ್ಪದ ತಿರುವುಗಳನ್ನೂ ಒಪ್ಪುತ್ತಾನೆ. ನಗುವಾಗ ಎರಡು ಸಲ ಯೋಚಿಸುತ್ತಾನೆ. ತೆರೆಯ ಮೇಲಿನ ‘ಸತ್ಯ’ದ ಮೊಹರನ್ನು ನಾವು ಎಷ್ಟು ಸುಲಭವಾಗಿ ನಂಬುತ್ತೇವೆ ಎನ್ನುವುದೂ ಇದರಿಂದ ತಿಳಿಯುತ್ತದೆ. ಸುಮಾರು 70 ಲಕ್ಷ ಡಾಲರುಗಳಲ್ಲಿ ತಯಾರಾದ ಈ ಚಿತ್ರ ಕಾನ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿಯನ್ನೂ, ಎರಡು ಆಸ್ಕರ್‌ಗಳನ್ನೂ ಪಡೆಯಿತು; ಒಂದು ಚಿತ್ರಕಥೆಗೆ, ಇನ್ನೊಂದು ಮಾರ್ಜ್ ಆಗಿ ನಟಿಸಿದ ಫ್ರಾನ್ಸಿಸ್ ಮೆಕ್‌ಡಾರ್ಮಂಡ್‌ಗೆ. ಇದಕ್ಕೆ ಎರಡು ವರ್ಷ ಮೊದಲು ಇದೇ ಸಹೋದರರು ದೊಡ್ಡ ಕಂಪೆನಿಯ ಹಣದಲ್ಲಿ, ಇದರ ಮೂರು ಪಟ್ಟಿಗೂ ಮಿಕ್ಕಿ ಖರ್ಚು ಮಾಡಿ ತೆಗೆದ ‘ದಿ ಹಡ್‌ಸಕರ್ ಪ್ರಾಕ್ಸಿ’ ನೆಲಕಚ್ಚಿತ್ತು.

ಮೂರನೆಯ ಅಪಹರಣ ‘ದಿ ಬಿಗ್ ಲೆಬೋವ್‌ಸ್ಕಿ’. ಇಲ್ಲಿ ಲಾಸ್ ಏಂಜಲಿಸ್‌ನ ಒಬ್ಬ ಶುದ್ಧ ಸೋಮಾರಿ, ಜೆಫ್ ಬ್ರಿಜಸ್ ನಟಿಸಿದ ‘ಡ್ಯೂಡ್’. ಅವನದೇ ಹೆಸರಿನ ಕೋಟ್ಯಧೀಶನೊಬ್ಬನಿದ್ದಾನೆ. ಅವನಿಂದ ಸಾಲ ವಸೂಲಿಗೆ ಬಂದ ಗೂಂಡಾಗಳು ಮನೆ ತಪ್ಪಿ ಇವನ ಮನೆಗೆ ನುಗ್ಗಿ ಇವನ ರತ್ನಗಂಬಳಿಯನ್ನು ಹಾಳು ಮಾಡುತ್ತಾರೆ. ಗಂಬಳಿಗೆ ಪರಿಹಾರ ಕೇಳಲು ಹೋದವನು ಕೋಟ್ಯಧೀಶನ ಹೆಂಡತಿಯ ಅಪಹರಣ ಪ್ರಕರಣದಲ್ಲಿ ಸಿಕ್ಕಿಬೀಳುತ್ತಾನೆ. ಮತ್ತೆ ಹತ್ತು ಲಕ್ಷದ ಪೆಟ್ಟಿಗೆ! ಎರಡೇ ವರ್ಷದ ಹಿಂದೆ ಇದೇ ಪೆಟ್ಟಿಗೆಯ ಸುತ್ತ ಏಳು ಜನ ಸತ್ತಿದ್ದರು. ಇಲ್ಲಿ ಪೆಟ್ಟಿಗೆಯೇ ಖಾಲಿ, ಅಪಹರಣವೂ ನಡೆದಿಲ್ಲ. ಆಕೆ ಯಾರಿಗೂ ಹೇಳದೆ ಊರಿಗೆ ಹೋಗಿದ್ದಳು, ಅಷ್ಟೇ. ರೇಮಂಡ್ ಚಾಂಡ್ಲರ್ ಬರೆದ ಪತ್ತೇದಾರಿ ಕಾದಂಬರಿಗಳ ಜಟಿಲ ಕಥಾಹಂದರವನ್ನು ತಂದು, ಪತ್ತೇದಾರನ ಜಾಗದಲ್ಲಿ ಏನನ್ನೂ ಪತ್ತೆಮಾಡಲಾರದ ಮನುಷ್ಯನನ್ನು ಕೂರಿಸಿದ್ದಾರೆ. ಬಿಡುಗಡೆಯಾದಾಗ ಚಿತ್ರ ಅಷ್ಟಾಗಿ ಓಡಲಿಲ್ಲ. ವರ್ಷಗಳು ಕಳೆದಂತೆ ಅದಕ್ಕೆ ಭಕ್ತಮಂಡಳಿಯೇ ಹುಟ್ಟಿಕೊಂಡಿತು. ಆ ಭಕ್ತಿ ನನಗೆ ಸ್ವಲ್ಪ ಅತಿ ಎನಿಸುತ್ತದೆ. ಆದರೂ ಕೊನೆಯಲ್ಲಿ, ಯಾರೂ ಮಾತನಾಡಲು ಬಿಡದ ಸಾಧು ಗೆಳೆಯ ಡಾನಿ ಹೃದಯಾಘಾತದಿಂದ ಸತ್ತು, ಅವನ ಬೂದಿಯನ್ನು ಕಾಫಿ ಡಬ್ಬಿಯಲ್ಲಿ ತಂದು ಸಮುದ್ರಕ್ಕೆ ಚೆಲ್ಲಿದಾಗ, ಗಾಳಿ ತಿರುಗಿ ಅದು ಡ್ಯೂಡ್‌ನ ಮುಖಕ್ಕೇ ಬಡಿಯುವ ದೃಶ್ಯವಿದೆ. ಅಲ್ಲಿ ನಕ್ಕವರಿಗೂ ಡಾನಿ ಇಲ್ಲದ್ದು ತಿಳಿಯುತ್ತದೆ.

2007ರ ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ಗೆ ಅತ್ಯುತ್ತಮ ಚಿತ್ರವೂ ಸೇರಿ ನಾಲ್ಕು ಆಸ್ಕರ್ ಬಂದವು. ಅದು ಬೇರೆ ಬಗೆಯದು. ಸಂಗೀತ ಇಲ್ಲವೇ ಇಲ್ಲವೆನ್ನಬೇಕು, ನಗುವೂ ಒಣಗಿದೆ. ಅದರ ಬಗ್ಗೆ ಪ್ರತ್ಯೇಕವಾಗಿಯೇ ಮಾತನಾಡಬೇಕು.

ಈ ಬಗೆಯ ನಗೆಯಲ್ಲಿ ಇವರು ಒಂಟಿಗಳೇನಲ್ಲ. ‘ಬ್ಲಡ್ ಸಿಂಪಲ್’ ಬಂದ 1984ರಲ್ಲೇ ಜಿಮ್ ಜಾರ್ಮುಷ್ ‘ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್’ ತೆಗೆದ. ಕಪ್ಪು ಬಿಳುಪಿನ ಚಿತ್ರ, ಪ್ರತಿ ದೃಶ್ಯವೂ ಒಂದೇ ಶಾಟ್, ಎರಡು ದೃಶ್ಯಗಳ ನಡುವೆ ಕತ್ತಲೆ. ಮೂವರು ಯುವಜನರು ಪ್ರಸಿದ್ಧವಾದ ಈರಿ ಸರೋವರ ನೋಡಲು ಹೋದರೆ ಹಿಮಗಾಳಿಯಲ್ಲಿ ಏನೂ ಕಾಣುವುದಿಲ್ಲ. ಬಿಳಿಯ ಶೂನ್ಯಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಇನ್ನೊಬ್ಬ ಫಿನ್‌ಲೆಂಡ್‌ನ ಆಕಿ ಕೌರಿಸ್ಮಾಕಿ. ಇವರ ಪಾತ್ರಗಳಿಗೆ ಮಾತೇ ದುಬಾರಿ. 1990ರ ‘ದಿ ಮ್ಯಾಚ್ ಫ್ಯಾಕ್ಟರಿ ಗರ್ಲ್’ ಚಿತ್ರದಲ್ಲಿ ಬೆಂಕಿಕಡ್ಡಿ ಕಾರ್ಖಾನೆಯ ಹುಡುಗಿ ಐರಿಸ್. ಅವಳ ಸಂಬಳ ತಂದೆತಾಯಿ ಕಸಿಯುತ್ತಾರೆ, ಅವಳ ಮನಸ್ಸು ಒಬ್ಬ ಶ್ರೀಮಂತ ಮುರಿಯುತ್ತಾನೆ. ಒಂದು ದಿನ ಅವಳು ಅಂಗಡಿಗೆ ಹೋಗಿ ಇಲಿಪಾಷಾಣ ಕೇಳುತ್ತಾಳೆ. ಇದರಿಂದೇನಾಗುತ್ತದೆ ಎನ್ನುತ್ತಾಳೆ. ಸಾಯುತ್ತವೆ ಎನ್ನುತ್ತಾಳೆ ಅಂಗಡಿಯಾಕೆ. ಒಳ್ಳೆಯದಾಯಿತು ಎಂದು ಹಣ ಕೊಟ್ಟು ಬರುತ್ತಾಳೆ. ಇಷ್ಟೇ ಮಾತು! ನಗು ತಾನಾಗಿ ಬರುತ್ತದೆ, ಬಂದದ್ದು ಗಂಟಲಲ್ಲೇ ನಿಲ್ಲುತ್ತದೆ. ಕೋಯನ್‌ರಲ್ಲಿ ಮಾತು ಹೆಚ್ಚಾಗಿ ಅನರ್ಥವಾದರೆ ಇಲ್ಲಿ ಯಾರೂ ಮಾತನಾಡದೆ ಅನರ್ಥ. ಇಡೀ ಚಿತ್ರ ಸುಮಾರು ಎಪ್ಪತ್ತು ನಿಮಿಷಗಳದು. ಬಡವರ ಬಗ್ಗೆ ಕರುಣೆಯ ದೊಡ್ಡ ದೊಡ್ಡ ಚಿತ್ರಗಳನ್ನು ನೋಡಿ ದಣಿದವರು ಇದನ್ನು ನೋಡಬೇಕು.

ನಮ್ಮ ಸಹೋದರರ ಸಂಗತಿಗೆ ಬಂದರೆ, 2018ರ ‘ದಿ ಬ್ಯಾಲಡ್ ಆಫ್ ಬಸ್ಟರ್ ಸ್ಕ್ರಗ್ಸ್’ ನಂತರ ಇಬ್ಬರೂ ಬೇರೆ ಬೇರೆ ಚಿತ್ರ ಮಾಡಿದರು. ಜೋಯಲ್ 2021ರಲ್ಲಿ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ತೆಗೆದ, ಕಪ್ಪು ಬಿಳುಪಿನಲ್ಲಿ. ಈಥನ್ 2024ರಲ್ಲಿ ‘ಡ್ರೈವ್-ಅವೇ ಡಾಲ್ಸ್’ ಎಂಬ ತುಂಟ ಚಿತ್ರ ಮಾಡಿದ. ಒಬ್ಬನಿಗೆ ಕೊಲೆ ಹೋಯಿತು, ಇನ್ನೊಬ್ಬನಿಗೆ ನಗು ಹೋಯಿತು ಎಂದು ಪಾಲುಪಟ್ಟಿ ಮಾಡಿ ತಮಾಷೆ ಮಾಡಬಹುದು. ಇಬ್ಬರ ಬೇರೆ ಬೇರೆ ಚಿತ್ರಗಳಲ್ಲೂ ಆ ಹಳೆಯ ಸಂಕೋಚ ನನಗೆ ಸಿಗಲಿಲ್ಲ.

ಎಲ್ಲಿಂದ ಆರಂಭಿಸಬೇಕು ಎಂದು ಕೇಳುವಿರಾದರೆ, ಶಾಲೆಯಲ್ಲಿರುವವರು ‘ರೈಸಿಂಗ್ ಅರಿಜೋನಾ’ ನೋಡಿ, ಅದಾದ ಮೇಲೆ 2000ದ ‘ಓ ಬ್ರದರ್, ವೇರ್ ಆರ್ಟ್ ದೌ?’ ನೋಡಿ, ಜೈಲಿನಿಂದ ಓಡಿಹೋದ ಮೂವರ ಆ ಕಥೆ ಹೋಮರನ ‘ಒಡಿಸ್ಸಿ’ಯ ಮೇಲೆ ಕಟ್ಟಿದ್ದು, ಹಾಡುಗಳೂ ಸೊಗಸಾಗಿವೆ. ‘ಫಾರ್ಗೋ’, ‘ಬ್ಲಡ್ ಸಿಂಪಲ್’, ‘ಲೆಬೋವ್‌ಸ್ಕಿ’ಗಳಲ್ಲಿ ರಕ್ತವೂ ಬೈಗುಳವೂ ಧಾರಾಳವಾಗಿದ್ದು ಅವು ವಯಸ್ಕರ ಚಿತ್ರಗಳು, ಕಾಲೇಜಿನ ಮೇಲಿನ ತರಗತಿಗಳಿಗೆ ಬಂದ ಮೇಲೆ ನೋಡಿದರೆ ಸಾಕು, ಅವು ಎಲ್ಲಿಗೂ ಓಡಿಹೋಗುವುದಿಲ್ಲ. ನಾಲ್ಕೈದು ಜನ ಜೊತೆಗೂಡಿ ನೋಡಿ. ಮುಸುಕು ಹಾಕಿದ ಜೀನ್ ಹಿಮದಲ್ಲಿ ಓಡುವಾಗ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಆಮೇಲೆ ಒಬ್ಬರನ್ನೊಬ್ಬರು ಕೇಳಿ. ಮೈಕ್‌ನ ಪ್ರಸಂಗ ಬೇಕಿತ್ತೇ ಬೇಡವಾಗಿತ್ತೇ ಎಂದೂ ವಾದ ಮಾಡಿ. ನನ್ನ ಓದನ್ನು ನೀವು ಒಪ್ಪದಿದ್ದರೂ ಅಡ್ಡಿಯಿಲ್ಲ.